ಮೈನಸ್ ಕೆ ಮಹಾತ್ಮೆ

ಒಂದೇ ಅಕ್ಷರದಿಂದ ಸಕಲ ವಿಘ್ನಗಳನ್ನೂ ನಿವಾರಿಸುವ ದೈವ ಈ ಕಲಿಯುಗದಲ್ಲಿ ಯಾವುದಿದೆ ಎಂದು ಶೌನಕಾದಿ ಮುನಿಗಳು ಇವತ್ತು ಕೇಳಿದ್ದರೆ, ಸೂತಪುರಾಣಿಕರು ಕ್ಷಣವೂ ತಡಮಾಡದೆ ‘ಮೈನಸ್ ಕೆ’ ಎನ್ನುತ್ತಿದ್ದರು. ನೈಮಿಷಾರಣ್ಯ ಈಗ ಬೆಳ್ಳಂದೂರಿನ ಟೆಕ್ ಪಾರ್ಕಿಗೆ ಸ್ಥಳಾಂತರಗೊಂಡಿರುವುದರಿಂದ ಮುನಿಗಳು ಕೇಳುವ ಪ್ರಮೇಯವೂ ಇರುತ್ತಿರಲಿಲ್ಲ ಅನ್ನಿ. ಅವರೇ ದಿನಕ್ಕೆ ನಾಲ್ಕು ಸಲ ಅದನ್ನು ಜಪಿಸುತ್ತಿರುತ್ತಾರೆ.

ಗೊತ್ತಿಲ್ಲದ ಭಕ್ತರಿಗಾಗಿ ಚಿಕ್ಕದೊಂದು ಪರಿಚಯ. ‘ಕರ್ಲ್’ ಎಂಬುದು ಅಂತರ್ಜಾಲದ ಯಾವುದೋ ವಿಳಾಸದಿಂದ ಮಾಹಿತಿ ತಂದುಕೊಡುವ ಪುಟ್ಟ ತಂತ್ರಾಂಶ. ತರುವ ಮುನ್ನ ಅದು ಆಚೆ ಬದಿಯವರ ಪ್ರಮಾಣಪತ್ರ ಕೇಳುತ್ತದೆ. ಆ ಪತ್ರ ಓದಿ, ಸಹಿ ತಾಳೆ ನೋಡಿ, ಅವಧಿ ಮುಗಿದಿದೆಯೇ ಎಂದು ಪರೀಕ್ಷಿಸುವ ಕೆಲಸವನ್ನು ಬಹಳಷ್ಟು ಸರ್ವರ್‌ಗಳಲ್ಲಿ ಮಾಡುವುದು ಓಪನ್‌ಎಸ್‌ಎಸ್‌ಎಲ್ ಎಂಬ ಲೈಬ್ರರಿ. ಯಾರು ಬೇಕಾದರೂ ಓದಬಹುದಾದ, ಯಾರೂ ಓದದ ಮುಕ್ತ ತಂತ್ರಾಂಶ ಅದು. ತಾಳೆಯಾಗದಿದ್ದರೆ ಅದು ಕೆಲಸ ನಿಲ್ಲಿಸಿ, ‘ಆಚೆ ಇರುವವನು ಯಾರೆಂದು ನನಗೆ ಗೊತ್ತಾಗುತ್ತಿಲ್ಲ’ ಎನ್ನುತ್ತದೆ. ಕರ್ಲ್‌ನ ಮುಂದೆ ಮೈನಸ್ ಕೆ ಎಂದು ಸೇರಿಸಿದರೆ, ‘ಯಾರಾದರೆ ನಿನಗೇನು, ಸುಮ್ಮನೆ ತಾ’ ಎಂದು ಆಜ್ಞಾಪಿಸಿದಂತೆ. ಅಲ್ಲಿಗೆ ತಕರಾರು ಮುಗಿಯಿತು. ಮಾಹಿತಿ ಬಂತು. ಟಿಕೆಟ್ ಮುಚ್ಚಿತು.

ಎಲ್ಲ ದೇವರಿಗೂ ಇರುವಂತೆ ಈ ದೇವರಿಗೂ ಅವತಾರಗಳಿವೆ. ಪೈಥಾನ್ ಕ್ಷೇತ್ರದಲ್ಲಿ ‘ವೆರಿಫೈ ಈಕ್ವಲ್ಸ್ ಫಾಲ್ಸ್’ ಎಂಬ ಹೆಸರು. ಡಬ್ಲ್ಯುಗೆಟ್‌ನಲ್ಲಿ ‘ನೋ ಚೆಕ್ ಸರ್ಟಿಫಿಕೇಟ್’. ನೋಡ್ ಕ್ಷೇತ್ರದಲ್ಲಿ ‘ಅನಧಿಕೃತರನ್ನು ತಿರಸ್ಕರಿಸು’ ಎಂಬ ಉದ್ದದ ಹೆಸರಿನ ಮುಂದೆ ಒಂದು ಸೊನ್ನೆ. ರೂಪ ಹಲವು, ತತ್ವ ಒಂದೇ: ನೊಗಕ್ಕೆ ಕಟ್ಟಿದ ಎತ್ತಿನ ಬಾಯಿಗೆ ಕುಕ್ಕೆ ಹಾಕುವಂತೆ, ಎಚ್ಚರಿಕೆ ಹೇಳುವವನ ಬಾಯಿ ಕಟ್ಟಿ ಕೆಲಸ ಮುಂದುವರಿಸುವುದು. ನಮ್ಮಲ್ಲಿ ಇದನ್ನೇ ರಿಪೇರಿ ಎನ್ನುತ್ತಾರೆ.

ಸ್ಥಾಪನೆ

ಓಪನ್‌ಎಸ್‌ಎಸ್‌ಎಲ್ ಅನ್ನು ಯಾರೂ ಪ್ರೀತಿಯಿಂದ ಇನ್‌ಸ್ಟಾಲ್ ಮಾಡುವುದಿಲ್ಲ. ಲಿನಕ್ಸ್ ಹಾಕಿದ ದಿನವೇ ಅದೂ ಬಂದು ಕೂತಿರುತ್ತದೆ. ಒಂದು ದಿನ ಯಾವುದೋ ಹಳೆಯ ತಂತ್ರಾಂಶ ‘ಲಿಬ್‌ಎಸ್‌ಎಸ್‌ಎಲ್ 1.1 ಸಿಗುತ್ತಿಲ್ಲ’ ಎಂದು ಹಟ ಹಿಡಿಯುವವರೆಗೆ ಅದರ ಅಸ್ತಿತ್ವವೇ ಯಾರ ಗಮನಕ್ಕೂ ಬಂದಿರುವುದಿಲ್ಲ. ಉಬುಂಟು ಎಂಬ ಲಿನಕ್ಸ್ ಪಂಗಡದ 2022ರ 22.04 ಬರುವಾಗಲೇ ಈ ಲೈಬ್ರರಿಯ 3.0 ಆವೃತ್ತಿಯನ್ನು ಹೊತ್ತುಕೊಂಡು ಬಂತು, ಹಳೆಯ 1.1 ಅದರಲ್ಲಿಲ್ಲ. 2021ರ ಸೆಪ್ಟೆಂಬರ್ 7ರಂದು ಬಿಡುಗಡೆಯಾದ ಈ 3.0, 1.1.1ರಿಂದ ನೇರವಾಗಿ ಜಿಗಿದದ್ದು. ನಡುವೆ 2 ಎಲ್ಲಿ ಹೋಯಿತು ಎಂದರೆ, ಅಮೆರಿಕ ಸರ್ಕಾರದ ಎಫ್‌ಐಪಿಎಸ್ ಮಾನ್ಯತೆಗಾಗಿ ಮಾಡಿದ್ದ ಬೇರೊಂದು ಘಟಕ ಆ ಅಂಕಿಯನ್ನು ಮೊದಲೇ ಹಿಡಿದು ಕೂತಿತ್ತು. ಸರ್ಕಾರಿ ಮಾನ್ಯತೆಯ ಹಾದಿಯಲ್ಲಿ ಒಂದು ಇಡೀ ಸಂಖ್ಯೆ ಕಳೆದುಹೋಗುವುದು ನಮಗೇನೂ ಹೊಸತಲ್ಲ.

ಈಗ ಭಕ್ತನ ಮುಂದೆ ಹಲವು ಮಾರ್ಗಗಳಿವೆ. ಮೊದಲನೆಯದು, ಯಾವುದೋ ಮೂಲೆಯಿಂದ 1.1ರ ಹಳೆಯ ಪ್ಯಾಕೇಜ್ ಹುಡುಕಿ ತಂದು ತುರುಕುವುದು. 1.1.1ಕ್ಕೆ ಸಾರ್ವಜನಿಕವಾಗಿ ಸಿಗುತ್ತಿದ್ದ ದುರಸ್ತಿ 2023ರ ಸೆಪ್ಟೆಂಬರ್ 11ಕ್ಕೇ ನಿಂತಿದೆ. ಭದ್ರತೆಯ ಲೈಬ್ರರಿಯನ್ನು, ಅದರ ಭದ್ರತೆ ನಿಂತ ಮೇಲೆ, ಭದ್ರತೆಗಾಗಿ ತಂದು ಇಟ್ಟುಕೊಳ್ಳುವುದು ಒಂದು ವೇದಾಂತ.

ಎರಡನೆಯದು ನಾಮಕರಣ ಮಾರ್ಗ. ಇರುವ 3ರ ಫೈಲಿಗೇ 1.1 ಎಂಬ ಹೆಸರಿನ ಕೊಂಡಿ ಹಾಕುವುದು. ಹಳೆಯ ತಂತ್ರಾಂಶ ಹೆಸರು ನೋಡಿ ಒಳಗೆ ಬರುತ್ತದೆ, ಒಳಗೆ ತನಗೆ ಬೇಕಾದ ಆವೃತ್ತಿಯ ಗುರುತು ಸಿಗದೆ ಅಲ್ಲೇ ಕುಸಿಯುತ್ತದೆ. ಊರಿನ ಹೆಸರು ಬದಲಿಸಿ ಅಭಿವೃದ್ಧಿ ಆಯಿತು ಎನ್ನುವವರ ನಾಡಿನಲ್ಲಿ ಈ ಉಪಾಯ ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ. ಗಣಕಯಂತ್ರ ಅದನ್ನು ಒಪ್ಪದಿರುವುದೇ ಆಶ್ಚರ್ಯ.

ಮೂರನೆಯದು ಶೂರರ ಮಾರ್ಗ: ಸೋರ್ಸ್ ಕೋಡ್ ತಂದು ತಾನೇ ಕಂಪೈಲ್ ಮಾಡುವುದು. ಇದಕ್ಕೆ ಮೊದಲು ಪರ್ಲ್ ಬೇಕು. ಓಪನ್‌ಎಸ್‌ಎಸ್‌ಎಲ್ ಬರೆದಿರುವುದು ಸಿ ಭಾಷೆಯಲ್ಲಿ, ಕಟ್ಟಲು ಬೇಕಿರುವುದು ಪರ್ಲ್. ಪರ್ಲ್ ಇದ್ದರೂ ‘ಐಪಿಸಿ ಸಿಎಂಡಿ ಎಂಬ ಮಾಡ್ಯೂಲ್ ಎಲ್ಲಿ’ ಎಂದು ಅದು ಕೇಳಬಹುದು. ಅದನ್ನೂ ತಂದುಕೊಟ್ಟು, ಮೇಕ್, ಮೇಕ್ ಇನ್‌ಸ್ಟಾಲ್ ಎಂದು ಬೆರಳು ಮುರಿದುಕೊಂಡ ಮೇಲೆ, ಆವೃತ್ತಿ ಯಾವುದೆಂದು ಕೇಳಿದರೆ ಓಪನ್‌ಎಸ್‌ಎಸ್‌ಎಲ್ ಎರಡು ಉತ್ತರ ಕೊಡುತ್ತದೆ: ತಾನು ಯಾವ ಆವೃತ್ತಿ, ತಾನು ಬಳಸುತ್ತಿರುವ ಲೈಬ್ರರಿ ಯಾವ ಆವೃತ್ತಿ. ಮುಖ ಹೊಸದು, ಹೊಟ್ಟೆಯಲ್ಲಿರುವುದು ಹಳೆಯದು. ಹೊಸ ಲೈಬ್ರರಿ ಹೋಗಿ ಕೂತಿರುವುದು ಯೂಸರ್ ಲೋಕಲ್‌ನ ಲಿಬ್64 ಫೋಲ್ಡರಿನಲ್ಲಿ. ಆ ದಾರಿಯನ್ನು ಸಿಸ್ಟಮ್‌ಗೆ ಹೇಳಿ ಎಲ್‌ಡಿಕಾನ್ಫಿಗ್ ಓಡಿಸಬೇಕೆಂದು ಇನ್‌ಸ್ಟಾಲ್ ಮಾಡಿದವರಿಗೆ ಯಾರೂ ಹೇಳಿರುವುದಿಲ್ಲ. ದಾರಿಯ ಮಾತು ಇದ್ದೇ ಇರುತ್ತದೆ, ಜತೆಗೆ ಬಂದ ಟಿಪ್ಪಣಿ ಫೈಲಿನಲ್ಲಿ. ಆದರೆ ಅದನ್ನು ಓದುವುದು ಸೋಲೊಪ್ಪಿಕೊಂಡಂತೆ ಎಂಬ ನಂಬಿಕೆ ನಮ್ಮಲ್ಲಿದೆ.

ನಾಲ್ಕನೆಯದು ಮೋಕ್ಷಮಾರ್ಗ. ‘ಎರಡೆರಡು ಇರುವುದರಿಂದಲೇ ತೊಂದರೆ’ ಎಂದು ಸಿಸ್ಟಮ್‌ನ ಮೂಲ ಲೈಬ್ರರಿಯನ್ನೇ ಅಳಿಸುವುದು. ಮರುಕ್ಷಣ ಅದನ್ನು ನೆಚ್ಚಿದ್ದ, ದೂರದ ಸರ್ವರಿಗೆ ಹೋಗುವ ಎಸ್‌ಎಸ್‌ಎಚ್ ಬಾಗಿಲು ಮುಚ್ಚುತ್ತದೆ. ಸರ್ವರ್ ಇರುವುದು ಮುಂಬೈಯಲ್ಲಿ, ನೀವಿರುವುದು ಮಾರತ್ತಹಳ್ಳಿಯಲ್ಲಿ, ಉಳಿದಿರುವುದು ಮೊದಲೇ ತೆರೆದಿಟ್ಟಿದ್ದ ಒಂದು ಟರ್ಮಿನಲ್ ಕಿಟಕಿ. ಆ ಕಿಟಕಿಯನ್ನು ಯಾರೂ ಮುಟ್ಟದಂತೆ ಲ್ಯಾಪ್‌ಟಾಪಿನ ಸುತ್ತ ನಾಲ್ಕು ಜನ ಇಂಜಿನಿಯರುಗಳು ಉಸಿರು ಬಿಗಿಹಿಡಿದು ನಿಲ್ಲುವ ದೃಶ್ಯದಲ್ಲಿರುವಷ್ಟು ಏಕಾಗ್ರತೆ ಯಾವ ಧ್ಯಾನಕೇಂದ್ರದಲ್ಲೂ ಸಿಗದು. ಹೊಸತನ್ನು ಬೇರೆಯೇ ಫೋಲ್ಡರಿನಲ್ಲಿ ಇಟ್ಟು, ಬೇಕಾದ ತಂತ್ರಾಂಶಕ್ಕೆ ಮಾತ್ರ ಆ ದಾರಿ ತೋರಿಸಿ, ಸಿಸ್ಟಮ್‌ನದನ್ನು ಅದರ ಪಾಡಿಗೆ ಬಿಡಬೇಕೆಂಬುದು ಶಾಸ್ತ್ರ. ಶಾಸ್ತ್ರಕ್ಕೆ ಡೆಡ್‌ಲೈನ್ ಇರುವುದಿಲ್ಲ.

ಪ್ರಮಾಣಪತ್ರ

ಇನ್ನು ಪ್ರಮಾಣಪತ್ರಕ್ಕೆ ಅರ್ಜಿ ಗುಜರಾಯಿಸುವ ಅಧ್ಯಾಯ. ಓಪನ್‌ಎಸ್‌ಎಸ್‌ಎಲ್ ಅರ್ಜಿದಾರನಿಗೆ ಒಂದೊಂದಾಗಿ ಪ್ರಶ್ನೆ ಕೇಳುತ್ತದೆ. ದೇಶ ಯಾವುದು? ಉತ್ತರ ಕೊಡದೆ ಎಂಟರ್ ಒತ್ತಿದರೆ ಆಸ್ಟ್ರೇಲಿಯಾ. ರಾಜ್ಯ? ಎಂಟರ್ ಒತ್ತಿದರೆ ‘ಯಾವುದೋ ಒಂದು ರಾಜ್ಯ’. ಸಂಸ್ಥೆ? ಎಂಟರ್ ಒತ್ತಿದರೆ ‘ಇಂಟರ್ನೆಟ್ ವಿಜಿಟ್ಸ್ ಪ್ರೊಪ್ರೈಟರಿ ಲಿಮಿಟೆಡ್’. ಈ ಲೈಬ್ರರಿಯ ಪೂರ್ವಜ ಎಸ್‌ಎಸ್‌ಲೀ. ಅದನ್ನು 1995ರ ಸುಮಾರಿಗೆ ಬರೆದವರು ಎರಿಕ್ ಯಂಗ್ ಮತ್ತು ಟಿಮ್ ಹಡ್ಸನ್, ಇಬ್ಬರೂ ಆಸ್ಟ್ರೇಲಿಯಾದಲ್ಲಿದ್ದವರು. 1998ರ ಡಿಸೆಂಬರ್‌ನಲ್ಲಿ ಅದು ಓಪನ್‌ಎಸ್‌ಎಸ್‌ಎಲ್ ಆದ ಮೇಲೂ ಆ ಮಾದರಿ ಉತ್ತರಗಳು ಹಾಗೆಯೇ ಉಳಿದವು. ಹೀಗಾಗಿ ಓದದೆ ಎಂಟರ್ ಒತ್ತುವವರೆಲ್ಲರ ಸರ್ವರ್‌ಗಳು, ಅವು ಹುಬ್ಬಳ್ಳಿಯಲ್ಲಿರಲಿ ಹೊಸಪೇಟೆಯಲ್ಲಿರಲಿ, ಇಲ್ಲದ ಆ ಆಸ್ಟ್ರೇಲಿಯಾದ ಕಂಪನಿಯ ಸ್ವತ್ತಾಗುತ್ತವೆ. ವೀಸಾ ಇಲ್ಲದೆ ಪೌರತ್ವ ಸಿಗುವ ಏಕೈಕ ವ್ಯವಸ್ಥೆ ಇದು.

ಎಚ್ಚರದಿಂದ ತುಂಬುವವರೂ ಇದ್ದಾರೆ. ‘ಕಾಮನ್ ನೇಮ್’ ಎಂಬಲ್ಲಿ ಸೈಟಿನ ವಿಳಾಸವನ್ನು ಅಕ್ಷರ ತಪ್ಪದಂತೆ ಬರೆಯುತ್ತಾರೆ. 2017ರಿಂದ ಕ್ರೋಮ್ ಆ ಜಾಗವನ್ನು ನೋಡುವುದೇ ಇಲ್ಲ. ವಿಳಾಸ ಇರಬೇಕಾದದ್ದು ‘ಪರ್ಯಾಯ ಹೆಸರು’ ಎಂಬ ಇನ್ನೊಂದು ಅಂಕಣದಲ್ಲಿ. ಆ ಅಂಕಣವನ್ನು ಓಪನ್‌ಎಸ್‌ಎಸ್‌ಎಲ್ ತಾನಾಗಿ ಕೇಳುವುದಿಲ್ಲ. ಕೇಳುವ ಪ್ರಶ್ನೆಗೆ ಬೆಲೆಯಿಲ್ಲ, ಬೆಲೆಯಿರುವುದನ್ನು ಕೇಳುವುದಿಲ್ಲ. ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟು ಪಳಗಿದವರಿಗೆ ಈ ಹಂತ ಸಲೀಸು.

ಪತ್ರ ಬಂತು, ಹಾಕಿದ್ದೂ ಆಯಿತು. ಆಗ ಬೆಂಗಳೂರಿನ ಯಾವುದೇ ಆಫೀಸಿನಲ್ಲಿ ಕೇಳಿಬರುವ ಸಂವಾದ ಇದು:

“ಸರ್, ಅವರ ಎಪಿಐಗೆ ಕಾಲ್ ಮಾಡಿದ್ರೆ ಸರ್ಟಿಫಿಕೇಟ್ ಎರರ್ ಬರ್ತಿದೆ. ಎರರ್ 20.”

“ಬ್ರೌಸರ್‌ನಲ್ಲಿ ಓಪನ್ ಆಗುತ್ತೇನಮ್ಮಾ?”

“ಆಗುತ್ತೆ ಸರ್.”

“ಮತ್ತೆ? ಸರ್ಟಿಫಿಕೇಟ್ ಸರಿಯಾಗೇ ಇದೆ. ನಿನ್ನ ಕೋಡ್ ನೋಡ್ಕೋ.”

“ಇಲ್ಲ ಸರ್, ಅವರ ಸರ್ವರ್ ಮಧ್ಯದ ಸರ್ಟಿಫಿಕೇಟ್ ಕಳಿಸ್ತಾ ಇಲ್ಲ. ಅವರಿಗೆ ಒಂದು ಮೇಲ್ ಹಾಕಿದ್ರೆ…”

“ಮೇಲ್ ಹಾಕಿ, ಅವರು ನೋಡಿ, ಮೀಟಿಂಗ್ ಕರೆದು… ನಾಳೆ ಡೆಮೋ ಇದೆಯಮ್ಮಾ. ಸದ್ಯಕ್ಕೆ ವೆರಿಫೈ ಆಫ್ ಮಾಡು. ಆಮೇಲೆ ನೋಡ್ಕೊಳ್ಳೋಣ.”

ಪ್ರಮಾಣಪತ್ರಕ್ಕಾದರೂ ಮುಕ್ತಾಯದ ದಿನಾಂಕ ಇರುತ್ತದೆ. ಆ ‘ಸದ್ಯ’ಕ್ಕೆ ಇರುವುದಿಲ್ಲ.

ಹುಡುಗಿ ಹೇಳಿದ್ದು ಸರಿ. ಸೈಟಿನ ಪತ್ರಕ್ಕೆ ಸಹಿ ಹಾಕಿದವನು ಮಧ್ಯದವನು, ಮಧ್ಯದವನಿಗೆ ಸಹಿ ಹಾಕಿದವನು ಮೂಲದವನು. ಮೂಲದವನ ಪತ್ರ ನಮ್ಮ ಯಂತ್ರದಲ್ಲಿರುತ್ತದೆ. ಮಧ್ಯದವನದನ್ನು ಸರ್ವರ್ ಕಳಿಸಬೇಕು. ಕಳಿಸದಿದ್ದರೆ ಬ್ರೌಸರ್ ತಾನೇ ಹುಡುಕಿ ತಂದುಕೊಳ್ಳುತ್ತದೆ, ಇಲ್ಲವೇ ಮೊದಲೇ ಇಟ್ಟುಕೊಂಡಿರುತ್ತದೆ. ಓಪನ್‌ಎಸ್‌ಎಸ್‌ಎಲ್‌ಗೆ ಆ ದಾಕ್ಷಿಣ್ಯವಿಲ್ಲ. ಸರ್ವರಿನ ಕಡೆಯವರು ‘ಸರ್ಟ್’ ಎಂಬ ಫೈಲಿನ ಬದಲು ಪಕ್ಕದಲ್ಲೇ ಇರುವ ‘ಫುಲ್‌ಚೈನ್’ ಎಂಬ ಫೈಲಿನ ಹೆಸರು ಕೊಟ್ಟಿದ್ದರೆ ಮುಗಿಯುತ್ತಿತ್ತು. ಒಂದು ಸಾಲಿನ ಕೆಲಸ. ಆದರೆ ಆ ಒಂದು ಸಾಲು ಇನ್ನೊಬ್ಬರ ಸರ್ವರಿನಲ್ಲಿದೆ. ಮೈನಸ್ ಕೆ ನಮ್ಮ ಕೈಯಲ್ಲೇ ಇದೆ.

ಸ್ವಂತ ಕೈಯಿಂದ ಕಟ್ಟಿದ ಓಪನ್‌ಎಸ್‌ಎಸ್‌ಎಲ್ ಆದರೆ ಇನ್ನೂ ಸೊಗಸು. ಅದು ಜಗತ್ತಿನಲ್ಲಿ ಒಬ್ಬರನ್ನೂ ನಂಬುವುದಿಲ್ಲ. ಆ ಲೈಬ್ರರಿಯ ಜತೆ ಮೂಲ ಪ್ರಮಾಣಪತ್ರಗಳ ಕಟ್ಟು ಬರುವುದಿಲ್ಲ. ಯೂಸರ್ ಲೋಕಲ್‌ನ ಖಾಲಿ ಫೋಲ್ಡರ್ ನೋಡಿಕೊಂಡು ಕೂತಿರುತ್ತದೆ. ಆಫೀಸಿನ ಪ್ರಾಕ್ಸಿ ನಡುವೆ ಕೂತು ಎಲ್ಲವನ್ನೂ ಬಿಚ್ಚಿ ಓದಿ, ತನ್ನದೇ ಸಹಿ ಹಾಕಿ ಮುಂದಕ್ಕೆ ಕಳಿಸುತ್ತಿದ್ದರೆ ಎರರ್ 19. ಆಗ ಕಂಪನಿಯ ಮೂಲ ಪತ್ರವನ್ನು ನಂಬಿಕೆಯ ಪಟ್ಟಿಗೆ ಸೇರಿಸಬೇಕು. ಉಬುಂಟುವಿನಲ್ಲಿ ಆ ಫೈಲಿನ ಹೆಸರು ಸಿಆರ್‌ಟಿ ಎಂದೇ ಕೊನೆಗೊಳ್ಳಬೇಕು. ಅದೇ ಪತ್ರಕ್ಕೆ ಪೆಮ್ ಎಂದು ಬಾಲವಿದ್ದರೆ ಸೇರಿಸುವ ಆಜ್ಞೆ ಅದನ್ನು ಕಂಡೂ ಕಾಣದಂತೆ ದಾಟಿಹೋಗುತ್ತದೆ. ಸೇರಿಸಿದಿರೋ, ಪೈಥಾನಿನ ರಿಕ್ವೆಸ್ಟ್ಸ್‌ಗೆ ತನ್ನದೇ ಬೇರೆ ಪಟ್ಟಿ, ಫೈರ್‌ಫಾಕ್ಸ್‌ಗೆ ಬೇರೆ, ಜಾವಾಕ್ಕೆ ಬೇರೆ. ಜಾವಾದ ನಂಬಿಕೆಯ ಪೆಟ್ಟಿಗೆಗೆ ಹುಟ್ಟಿನಿಂದ ಬಂದ ಪಾಸ್‌ವರ್ಡ್ ‘ಚೇಂಜ್ ಇಟ್’. ಅದನ್ನು ಬದಲಿಸಿದವರನ್ನು ಹುಡುಕಿ ಸನ್ಮಾನ ಮಾಡಬೇಕು.

ಪರಿಶೀಲನೆಯನ್ನು ಆನ್ ಮಾಡಲೆಂದೇ ಹೊರಟವರ ಗತಿಯೂ ಹೇಳಿಕೊಳ್ಳುವಂತಿಲ್ಲ. ಕರ್ಲ್ ಲೈಬ್ರರಿಯಲ್ಲಿ ‘ಹೋಸ್ಟ್ ಹೆಸರು ತಾಳೆ ನೋಡು’ ಎಂಬ ಒಂದು ಗುಂಡಿಯಿತ್ತು. ಅದಕ್ಕೆ ‘ಟ್ರೂ’ ಎಂದು ಕೊಟ್ಟರೆ ಅದು 1 ಎಂದಾಗುತ್ತಿತ್ತು; 1ರ ಅರ್ಥ, ಪತ್ರದಲ್ಲಿ ಹೆಸರು ಎಂಬುದೊಂದು ಇದೆಯೇ ನೋಡು, ಯಾರ ಹೆಸರಾದರೂ ಆಗಲಿ. ನಿಜವಾಗಿ ತಾಳೆ ನೋಡಲು 2 ಎಂದು ಕೊಡಬೇಕಿತ್ತು. 2012ರಲ್ಲಿ ಟೆಕ್ಸಾಸ್ ಮತ್ತು ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ‘ಜಗತ್ತಿನ ಅತ್ಯಂತ ಅಪಾಯಕಾರಿ ಕೋಡ್’ ಎಂಬ ಪ್ರಬಂಧದಲ್ಲಿ ಇದನ್ನೆಲ್ಲ ಬಯಲಿಗೆಳೆದಾಗ, ಅಮೆಜಾನ್, ಪೇಪಾಲ್‌ನಂಥವರ ಹಣ ಪಾವತಿಯ ಕೋಡ್ ಕೂಡ ಈ ಹಳ್ಳಕ್ಕೆ ಬಿದ್ದಿತ್ತು. ಓಪನ್‌ಎಸ್‌ಎಸ್‌ಎಲ್ ತಾನಂತೂ 2015ರ 1.0.2 ಆವೃತ್ತಿಯವರೆಗೆ ಹೆಸರು ತಾಳೆ ನೋಡುವ ಕೆಲಸವನ್ನು ಕರೆದವರ ತಲೆಗೇ ಕಟ್ಟಿತ್ತು.

ಪ್ರಶ್ನಾರ್ಥಕ ಚಿಹ್ನೆ

ಇದೆಲ್ಲ ಇಂಜಿನಿಯರುಗಳ ಗೋಳು, ನಮಗೇನು ಎನ್ನುವವರು ತಮ್ಮ ಇ-ಆಧಾರ್ ಪಿಡಿಎಫ್ ತೆರೆಯಲಿ. ಸಹಿಯ ಜಾಗದಲ್ಲಿ ಹಳದಿ ಬಣ್ಣದ ಪ್ರಶ್ನಾರ್ಥಕ ಚಿಹ್ನೆ, ಪಕ್ಕದಲ್ಲಿ ‘ಸಿಂಧುತ್ವ ತಿಳಿದಿಲ್ಲ’ ಎಂಬ ಅರ್ಥದ ಇಂಗ್ಲಿಷ್ ಸಾಲು. ಸಹಿ ಹಾಕಿದವರ ಪ್ರಮಾಣಪತ್ರವನ್ನು ಆ ಗಣಕಯಂತ್ರದ ಅಡೋಬಿ ರೀಡರ್ ಇನ್ನೂ ನಂಬಿಲ್ಲ, ಅಷ್ಟೇ. ಬಲ ಗುಂಡಿ ಒತ್ತಿ, ಪತ್ರವನ್ನು ನಂಬಿಕೆಯ ಪಟ್ಟಿಗೆ ಸೇರಿಸಿದರೆ ಹಸಿರು ಟಿಕ್ ಗುರುತು ಬರುತ್ತದೆ. ಸೈಬರ್ ಸೆಂಟರಿನವನು ಅದನ್ನು ಪ್ರಶ್ನಾರ್ಥಕ ಚಿಹ್ನೆಯ ಸಮೇತ ಪ್ರಿಂಟ್ ತೆಗೆದು, ಲ್ಯಾಮಿನೇಷನ್ ಮಾಡಿ ಕೊಡುತ್ತಾನೆ. ಬ್ಯಾಂಕಿನವರು ಅದರ ಜೆರಾಕ್ಸ್ ಇಟ್ಟುಕೊಳ್ಳುತ್ತಾರೆ. ಗಣಿತದಿಂದ ಭದ್ರವಾದ ಸಹಿ, ಕಾಗದಕ್ಕಿಳಿದು, ಪ್ಲಾಸ್ಟಿಕ್ಕಿನೊಳಗೆ ಸೇರಿ, ಕೊನೆಗೆ ‘ಒರಿಜಿನಲ್ ತೋರಿಸಿ’ ಎಂಬ ಮಾತಿನಿಂದ ದೃಢೀಕರಣಗೊಳ್ಳುತ್ತದೆ.

ಡಿಜಿಟಲ್ ಸಹಿಗೆ 2000ದ ಐಟಿ ಕಾಯ್ದೆಯ ಮಾನ್ಯತೆಯಿದೆ. ಟೆಂಡರ್ ಹಾಕುವವರು, ಕಂಪನಿ ನಿರ್ದೇಶಕರು ಇಟ್ಟುಕೊಳ್ಳಬೇಕಾದ ಡಿಎಸ್‌ಸಿ ಟೋಕನ್ ಎಂಬ ಯುಎಸ್‌ಬಿ ಕಡ್ಡಿಯ ತಿರುಳೇ ಅದರೊಳಗಿನ ಖಾಸಗಿ ಕೀ ಒಡೆಯನ ಕೈ ಬಿಡಬಾರದು ಎಂಬುದು. ಆ ಕಡ್ಡಿಗಳು ವಾಸವಾಗಿರುವುದು ಆಡಿಟರ್ ಆಫೀಸಿನ ಡ್ರಾಯರಿನಲ್ಲಿ, ರಬ್ಬರ್ ಬ್ಯಾಂಡ್ ಸುತ್ತಿಕೊಂಡು, ಪಿನ್ ನಂಬರ್ ಬರೆದ ಚೀಟಿಯನ್ನು ಮೈಗೆ ಅಂಟಿಸಿಕೊಂಡು.

ಮೂಲದಲ್ಲಿರುವವರನ್ನೇ ನಂಬಬೇಕೆಂದು ಹೊರಟರೆ ಅಲ್ಲೂ ಕಥೆಯಿದೆ. 2014ರ ಜುಲೈನಲ್ಲಿ ಬಯಲಾದಂತೆ, ನಮ್ಮ ರಾಷ್ಟ್ರೀಯ ಮಾಹಿತಿ ಕೇಂದ್ರ ಎನ್‌ಐಸಿಯ ಪ್ರಮಾಣೀಕರಣ ವ್ಯವಸ್ಥೆಯಿಂದ ಗೂಗಲ್‌ನ ಕೆಲವು ವಿಳಾಸಗಳಿಗೆ ಪ್ರಮಾಣಪತ್ರಗಳು ಹೊರಬಂದಿದ್ದವು. ಗೂಗಲ್ ಕೇಳಿರಲಿಲ್ಲ. ಪತ್ತೆಹಚ್ಚಿದ್ದು ಗೂಗಲ್ಲೇ. ವಿತರಣೆಯ ಪ್ರಕ್ರಿಯೆಗೇ ಕನ್ನ ಬಿದ್ದಿದೆ ಎಂಬ ಉತ್ತರ ಬಂತು, ಎನ್‌ಐಸಿಯ ಮಧ್ಯದ ಪತ್ರಗಳು ರದ್ದಾದವು. ಮುಂದೆ ಕ್ರೋಮ್, ಆ ಮಧ್ಯದ ಪತ್ರಗಳಿಗೆ ಸಹಿ ಹಾಕಿದ್ದ ಭಾರತದ ಮೂಲ ಪ್ರಾಧಿಕಾರದ ಸಹಿಯನ್ನು ಗವ್ ಡಾಟ್ ಇನ್, ಎನ್‌ಐಸಿ ಡಾಟ್ ಇನ್‌ನಂಥ ಕೆಲವೇ ಭಾರತೀಯ ವಿಳಾಸಗಳಿಗೆ ಸೀಮಿತಗೊಳಿಸಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಬೇಲಿಗೇ ಬೇಲಿ ಹಾಕಬೇಕಾಗುತ್ತದೆ. ನಮ್ಮ ಭಕ್ತರು ಇದರಿಂದ ಕಲಿತ ಪಾಠ ಮಾತ್ರ ಬೇರೆ: ‘ನೋಡಿದ್ರಾ, ಸರ್ಟಿಫಿಕೇಟ್ ಎಲ್ಲ ಅಷ್ಟೇ. ವೆರಿಫೈ ಮಾಡಿ ಏನ್ ಪ್ರಯೋಜನ?’

ಬ್ರೌಸರಿನಲ್ಲೂ ದೈವಕ್ಕೆ ಒಂದು ಬೀಜಮಂತ್ರವಿದೆ. ಕ್ರೋಮ್ ಕೆಂಪು ಪರದೆ ತೋರಿಸಿ ಮುಂದೆ ಬಿಡದಿದ್ದಾಗ, ಆ ಪುಟದ ಮೇಲೆಯೇ ‘ದಿಸ್ ಈಸ್ ಅನ್‌ಸೇಫ್’ ಎಂದು ಇಂಗ್ಲಿಷಿನಲ್ಲಿ, ನಡುವೆ ಜಾಗ ಬಿಡದೆ ಟೈಪ್ ಮಾಡಿದರೆ ಬಾಗಿಲು ತೆರೆಯುತ್ತದೆ. ಇದು ಅಪಾಯ ಎಂದು ಭಕ್ತ ಸ್ವಹಸ್ತದಿಂದ ಬರೆದುಕೊಟ್ಟು ಒಳಗೆ ಹೋಗುತ್ತಾನೆ. ಇಷ್ಟು ಪ್ರಾಮಾಣಿಕವಾದ ದೇವಸ್ಥಾನ ಇನ್ನೊಂದಿಲ್ಲ.

ಡೆಬಿಯನ್ ಉಪಾಖ್ಯಾನ

ಎಚ್ಚರಿಕೆಯನ್ನು ಸುಮ್ಮನಾಗಿಸಿದರೆ ಏನಾಗುತ್ತದೆ ಎಂಬುದಕ್ಕೆ ಹಳೆಯ, ಅಚ್ಚುಕಟ್ಟಾದ ನಿದರ್ಶನವೊಂದಿದೆ. ಡೆಬಿಯನ್ ಎಂಬ ಲಿನಕ್ಸ್ ಪಂಗಡದಲ್ಲಿ ಓಪನ್‌ಎಸ್‌ಎಸ್‌ಎಲ್ ಅನ್ನು ಕೋಡ್ ಪರೀಕ್ಷಿಸುವ ಸಾಧನದ ಮುಂದೆ ಹಿಡಿದಾಗ, ‘ಬೆಲೆ ತುಂಬದ ಸ್ಮೃತಿಯನ್ನು ಬಳಸುತ್ತಿದ್ದೀರಿ’ ಎಂಬ ಎಚ್ಚರಿಕೆ ಮತ್ತೆ ಮತ್ತೆ ಬರುತ್ತಿತ್ತು. 2006ರಲ್ಲಿ ನಿರ್ವಾಹಕರು ಎಚ್ಚರಿಕೆಗೆ ಕಾರಣವಾದ ಸಾಲುಗಳನ್ನು ಹುಡುಕಿ ನಿಷ್ಕ್ರಿಯಗೊಳಿಸಿದರು. ಗುಟ್ಟಾಗಿ ಅಲ್ಲ, ಓಪನ್‌ಎಸ್‌ಎಸ್‌ಎಲ್‌ನವರ ಕಿವಿಗೆ ಹಾಕಿಯೇ ಮಾಡಿದ್ದು. ಯಾರೂ ಬೇಡವೆನ್ನಲಿಲ್ಲ. ಎಚ್ಚರಿಕೆ ನಿಂತಿತು. ಎಲ್ಲರಿಗೂ ನಿದ್ದೆ ಬಂತು.

ಆದರೆ ಆ ಸಾಲುಗಳಲ್ಲೊಂದು ರಹಸ್ಯ ಕೀ ತಯಾರಿಕೆಗೆ ಬೇಕಾದ ಯಾದೃಚ್ಛಿಕತೆಯನ್ನು ಬೆರೆಸುವ ಸಾಲಾಗಿತ್ತು. ಅದು ಹೋದ ಮೇಲೆ ಉಳಿದ ಅನಿಶ್ಚಿತ ಅಂಶ ಒಂದೇ: ಆ ಪ್ರೋಗ್ರಾಮಿಗೆ ಸಿಸ್ಟಮ್ ಕೊಡುವ ಕ್ರಮಸಂಖ್ಯೆ. ಅದರ ಗರಿಷ್ಠ ಬೆಲೆ 32,768. ವಿಶ್ವದ ಆಯುಷ್ಯವೆಲ್ಲ ಹುಡುಕಿದರೂ ಸಿಗಬಾರದಾಗಿದ್ದ ಕೀ, ಮೂವತ್ತೆರಡು ಸಾವಿರ ಚಿಲ್ಲರೆ ಊಹೆಗಳಲ್ಲಿ ಸಿಗುವಂತಾಯಿತು. ಉಬುಂಟುವಿಗೂ ಅದು ಹರಿದು ಬಂತು. ಲುಸಿಯಾನೊ ಬೆಲ್ಲೊ ಕಂಡುಹಿಡಿದ ಈ ದೋಷ 2008ರ ಮೇ 13ರಂದು ಪ್ರಕಟವಾಗುವವರೆಗೆ ಸುಮಾರು ಒಂದೂಮುಕ್ಕಾಲು ವರ್ಷ, ಪೀಡಿತ ಯಂತ್ರಗಳಲ್ಲಿ ಹುಟ್ಟಿದ ಕೀಗಳೆಲ್ಲ ಎಸೆಯಬೇಕಾದವೇ ಆಗಿದ್ದವು. ಅಷ್ಟೂ ಕಾಲ ಒಂದೇ ಒಂದು ಎರರ್ ಸಂದೇಶವಿಲ್ಲ. ಗೂಢಲಿಪೀಕರಣ ಮುರಿದಾಗ ಸದ್ದಾಗುವುದಿಲ್ಲ. ಸರಿಯಿದ್ದಾಗ ಮಾತ್ರ ಅದು ಗಲಾಟೆ ಮಾಡುತ್ತದೆ. ಈ ಉಲ್ಟಾ ಸ್ವಭಾವವೇ ಅದಕ್ಕೆ ನಮ್ಮ ಆಫೀಸುಗಳಲ್ಲಿ ಕೆಟ್ಟ ಹೆಸರು ತಂದಿರುವುದು.

ಅವಧಿ

ಪ್ರಮಾಣಪತ್ರ ಯಾವತ್ತು ಸಾಯುತ್ತದೆ ಎಂಬುದು ಹುಟ್ಟುವಾಗಲೇ ಅದರ ಹಣೆಯ ಮೇಲೆ ಬರೆದಿರುತ್ತದೆ, ಸೆಕೆಂಡಿನ ಲೆಕ್ಕದಲ್ಲಿ. ಆದರೂ ಪ್ರತಿ ಸಲ ಅದೊಂದು ಅಕಾಲಿಕ ಮರಣವೇ. 2018ರ ಡಿಸೆಂಬರ್ 6ರಂದು ಎರಿಕ್ಸನ್ ಕಂಪನಿಯ ತಂತ್ರಾಂಶದೊಳಗಿದ್ದ ಒಂದು ಪತ್ರದ ಅವಧಿ ಮುಗಿದು, ಬ್ರಿಟನ್ನಿನ ಒ2 ಜಾಲದ ಕೋಟ್ಯಂತರ ಗ್ರಾಹಕರ ಮೊಬೈಲ್ ಡೇಟಾ ನಿಂತಿತು; ಜಪಾನಿನ ಸಾಫ್ಟ್‌ಬ್ಯಾಂಕ್ ಕೂಡ ಅದೇ ದಿನ ಮಲಗಿತು. 2020ರ ಫೆಬ್ರವರಿ 3ರಂದು ಮೈಕ್ರೋಸಾಫ್ಟ್ ಟೀಮ್ಸ್ ಇದೇ ಕಾರಣಕ್ಕೆ ಕೆಲವು ತಾಸು ಸ್ಥಗಿತವಾಯಿತು. ಆ ದಿನ ಕೆಲಸ ಹೆಚ್ಚು ಆಯಿತೋ ಕಡಿಮೆ ಆಯಿತೋ ಎಂಬುದನ್ನು ಯಾರೂ ಅಳೆಯುವ ಧೈರ್ಯ ಮಾಡಲಿಲ್ಲ.

2021ರ ಸೆಪ್ಟೆಂಬರ್ 30ರದು ಇನ್ನೂ ನಾಜೂಕಿನ ಪ್ರಸಂಗ. ಉಚಿತವಾಗಿ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ನೆಚ್ಚಿಕೊಂಡಿದ್ದ ಹಳೆಯ ಮೂಲ ಪತ್ರವೊಂದು ಅಂದು ಮುಗಿಯಿತು. ಹೊಸ ಮೂಲಕ್ಕೆ ಸರಿಯಾದ ದಾರಿ ಇನ್ನೊಂದಿತ್ತು. ಆದರೆ ಓಪನ್‌ಎಸ್‌ಎಸ್‌ಎಲ್ 1.0.2 ಮತ್ತು ಅದಕ್ಕೂ ಹಿಂದಿನವು ಸತ್ತವನ ಮನೆಯ ಬಾಗಿಲವರೆಗೆ ಹೋಗಿ ಅಲ್ಲೇ ನಿಂತವು. ಸೈಟು ಸರಿ, ಪತ್ರ ಸರಿ, ಗಡಿಯಾರ ಸರಿ. ಆದರೂ ‘ಅವಧಿ ಮುಗಿದಿದೆ’. ಅವತ್ತು ಮೈನಸ್ ಕೆಗೆ ಆದಷ್ಟು ಅರ್ಚನೆ ಬೇರೆ ಯಾವತ್ತೂ ಆಗಿರಲಿಕ್ಕಿಲ್ಲ.

ಎಲ್ಲಕ್ಕಿಂತ ಬೋಧಪ್ರದವಾದದ್ದು ಅಮೆರಿಕದ ಇಕ್ವಿಫ್ಯಾಕ್ಸ್ ಪ್ರಸಂಗ. ಜನರ ಸಾಲದ ಜಾತಕ ಇಟ್ಟುಕೊಳ್ಳುವ ಕಂಪನಿ ಅದು. ಗೂಢಲಿಪಿಯಲ್ಲಿ ಹರಿಯುವ ದತ್ತಾಂಶವನ್ನು ಬಿಚ್ಚಿ ನೋಡುವ ಕಾವಲು ಸಾಧನವೊಂದು ಅಲ್ಲಿತ್ತು. ಅದರ ಪ್ರಮಾಣಪತ್ರ ಮುಗಿದು ಎಷ್ಟೋ ತಿಂಗಳಾಗಿತ್ತು. ಹಾಗಾಗಿ ಅದು ಏನನ್ನೂ ನೋಡದೆ ಎಲ್ಲವನ್ನೂ ಬಿಡುತ್ತಿತ್ತು. 2017ರ ಮೇ ತಿಂಗಳಿಂದ 76 ದಿನ ಕಳ್ಳರು ಒಳಗಿದ್ದರು. ಜುಲೈ 29ರಂದು ಯಾರೋ ಹೊಸ ಪ್ರಮಾಣಪತ್ರ ಹಾಕಿದರು. ಹಾಕಿದ ಕೂಡಲೇ ಸಾಧನ ಕೂಗಿಕೊಂಡಿತು. ಅಷ್ಟರಲ್ಲಿ ಸುಮಾರು 14.7 ಕೋಟಿ ಜನರ ವಿವರಗಳು ಹೊರಬಿದ್ದಾಗಿತ್ತು. ನವೀಕರಿಸದಿದ್ದರೆ ಇನ್ನಷ್ಟು ದಿನ ಶಾಂತಿಯಿಂದ ಇರಬಹುದಿತ್ತು ಎಂದು ಆ ಕಂಪನಿಯಲ್ಲೂ ಯಾರಾದರೊಬ್ಬ ಮೈನಸ್ ಕೆ ಭಕ್ತ ಅಂದುಕೊಂಡಿರಬಹುದು.

ಮುಂದಿನ ದಿನಗಳು ಇನ್ನೂ ರಂಗಾಗಿರಲಿವೆ. ಬ್ರೌಸರ್ ಕಂಪನಿಗಳೂ ಪ್ರಮಾಣೀಕರಿಸುವವರೂ ಸೇರಿ 2025ರ ಏಪ್ರಿಲ್‌ನಲ್ಲಿ ತೀರ್ಮಾನಿಸಿದಂತೆ, ಸೈಟುಗಳ ಪ್ರಮಾಣಪತ್ರದ ಗರಿಷ್ಠ ಆಯುಷ್ಯ 398 ದಿನಗಳಿಂದ ಹಂತಹಂತವಾಗಿ ಇಳಿದು 2029ರ ಮಾರ್ಚ್ 15ರಿಂದ 47 ದಿನಕ್ಕೆ ಬರುತ್ತದೆ. ಕೈಯಿಂದ ನವೀಕರಿಸುವುದನ್ನು ಬಿಟ್ಟು ಯಂತ್ರಕ್ಕೆ ವಹಿಸಿ ಎಂಬುದು ಇದರ ಇಂಗಿತ. ವರ್ಷಕ್ಕೊಮ್ಮೆ ಮರೆಯುತ್ತಿದ್ದವರಿಗೆ ವರ್ಷಕ್ಕೆ ಎಂಟು ಸಲ ಮರೆಯುವ ಅವಕಾಶ.

ದಕ್ಷಿಣೆ

ಇಷ್ಟು ಹೊತ್ತು ಬೈಸಿಕೊಂಡ ಲೈಬ್ರರಿಯ ಮನೆಯ ಕಡೆಗೊಮ್ಮೆ ನೋಡೋಣ. 2014ರ ಏಪ್ರಿಲ್ 7ರಂದು ‘ಹಾರ್ಟ್‌ಬ್ಲೀಡ್’ ಎಂಬ ದೋಷ ಬಯಲಾಯಿತು. ‘ಇದ್ದೀಯಾ?’ ಎಂದು ಸರ್ವರನ್ನು ವಿಚಾರಿಸುವ ಒಂದು ಸಣ್ಣ ಸೌಲಭ್ಯ. ವಿಚಾರಿಸುವವನು ತಾನು ಕಳಿಸಿದ ಮಾತಿನ ಉದ್ದವನ್ನು ಸುಳ್ಳು ಹೇಳಿದರೆ, ಓಪನ್‌ಎಸ್‌ಎಸ್‌ಎಲ್ ನಂಬಿ, ಪಕ್ಕದ ಸ್ಮೃತಿಯಿಂದ ತುಂಬಿಸಿ ಒಂದು ಸಲಕ್ಕೆ 64 ಕಿಲೋಬೈಟ್‌ವರೆಗೆ ಕೊಟ್ಟುಬಿಡುತ್ತಿತ್ತು. ಪಾಸ್‌ವರ್ಡು, ಖಾಸಗಿ ಕೀ, ಏನು ಸಿಕ್ಕಿತೋ ಅದು. 2011ರ ಡಿಸೆಂಬರ್ 31ರ ರಾತ್ರಿ ಸೇರಿದ ಆ ಕೋಡ್ ಎರಡು ವರ್ಷಕ್ಕೂ ಮಿಕ್ಕಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬಯಲಾದಾಗ ಸುಮಾರು ಐದು ಲಕ್ಷ ಸೈಟುಗಳು ಬಾಗಿಲು ತೆರೆದು ಕೂತಿದ್ದವೆಂದು ಅಂದಾಜು. ಸ್ವಾರಸ್ಯವೇನೆಂದರೆ, ಅಪ್‌ಡೇಟ್ ಮಾಡದೆ 0.9.8ರಲ್ಲೇ ಉಳಿದಿದ್ದ ಸೋಮಾರಿಗಳಿಗೆ ಏನೂ ಆಗಲಿಲ್ಲ. ಅವರು ಅದನ್ನು ಇಂದಿಗೂ ದೂರದೃಷ್ಟಿ ಎಂದು ಹೇಳಿಕೊಳ್ಳುತ್ತಾರೆ.

ಆಗ ಹೊರಬಿದ್ದ ಇನ್ನೊಂದು ಸಂಗತಿ ದೋಷಕ್ಕಿಂತ ದೊಡ್ಡದು. ಜಗತ್ತಿನ ಬ್ಯಾಂಕು, ಅಂಗಡಿ, ಸರ್ಕಾರಗಳು ನೆಚ್ಚಿದ್ದ ಈ ಲೈಬ್ರರಿಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು ಎರಡು ಸಾವಿರ ಡಾಲರ್. ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರು. ಇದನ್ನು ಬಳಸಿ ಕೋಟಿಗಟ್ಟಲೆ ಗಳಿಸಿದ ಕಂಪನಿಗಳು, ‘ಓಪನ್ ಸೋರ್ಸ್ ಅಂದ್ರೆ ಸಾವಿರಾರು ಕಣ್ಣುಗಳು ನೋಡ್ತಿರುತ್ತವೆ’ ಎಂದು ಭಾಷಣ ಮಾಡುತ್ತಿದ್ದವು. ಕಣ್ಣುಗಳೇನೋ ಸಾವಿರಾರು ಇದ್ದವು. ಎಲ್ಲವೂ ಇನ್ನೊಬ್ಬರು ನೋಡುತ್ತಿದ್ದಾರೆಂದು ಮುಚ್ಚಿಕೊಂಡಿದ್ದವು. ಆಮೇಲೆ ಲಿನಕ್ಸ್ ಫೌಂಡೇಶನ್ ಮೂಲಕ ಗೂಗಲ್, ಮೈಕ್ರೋಸಾಫ್ಟ್, ಫೇಸ್‌ಬುಕ್ ಮೊದಲಾದವರು ವರ್ಷಕ್ಕೆ ಲಕ್ಷ ಡಾಲರಿನಂತೆ ಹಣ ಹಾಕಲು ಒಪ್ಪಿದರು. ಓಪನ್‌ಬಿಎಸ್‌ಡಿಯವರು ಕೋಡನ್ನೇ ಕವಲೊಡೆಸಿ ಲಿಬ್ರೆಎಸ್‌ಎಸ್‌ಎಲ್ ಮಾಡಿ, ಮೊದಲ ವಾರದಲ್ಲೇ ತೊಂಬತ್ತು ಸಾವಿರ ಸಾಲು ಕಿತ್ತೆಸೆದರು. ಅದರಲ್ಲಿ 16 ಬಿಟ್ಟಿನ ವಿಂಡೋಸ್‌ಗಾಗಿ ಬರೆದದ್ದೂ ಇತ್ತು.

ನಮ್ಮ ಕಡೆಯ ದಕ್ಷಿಣೆ ಏನು? ರಾತ್ರಿ ಹನ್ನೊಂದಕ್ಕೆ ‘ಇದು ದರಿದ್ರ ಲೈಬ್ರರಿ, ಅರ್ಜೆಂಟ್, ಬೇಗ ಸರಿ ಮಾಡಿ’ ಎಂದು ಅದನ್ನು ನಿರ್ವಹಿಸುವವರಿಗೆ ದೂರು ಬರೆಯುವುದು. ಯಾವ ಆವೃತ್ತಿ, ಯಾವ ಸಿಸ್ಟಮ್, ಪೂರ್ತಿ ಎರರ್ ಏನು ಎಂದು ಅವರು ಮರುಪ್ರಶ್ನೆ ಕೇಳಿದರೆ ಉತ್ತರವಿಲ್ಲ. ಅಷ್ಟರಲ್ಲಿ ಮೈನಸ್ ಕೆ ಒಲಿದಿರುತ್ತದೆ.

ಫಲಶ್ರುತಿ

ಈ ಮಹಾತ್ಮೆಯನ್ನು ಸೋಮವಾರ ಬೆಳಿಗ್ಗೆ ಸ್ಟ್ಯಾಂಡ್‌ಅಪ್ ಮೀಟಿಂಗಿನಲ್ಲಿ ಭಕ್ತಿಯಿಂದ ಪಠಿಸಿದವರ ಟಿಕೆಟ್‌ಗಳು ಮಧ್ಯಾಹ್ನದ ಊಟಕ್ಕೆ ಮುಂಚೆ ಮುಚ್ಚುವವು. ಟೆಸ್ಟಿಂಗ್‌ನಲ್ಲಿ ಹಾಕಿದ ವೆರಿಫೈ ಫಾಲ್ಸ್ ಅನ್ನು ಪ್ರೊಡಕ್ಷನ್‌ವರೆಗೆ ಕೈಬಿಡದೆ ಕಾಪಾಡಿದವರ ಡೆಮೋ ನಿರ್ವಿಘ್ನವಾಗಿ ನಡೆಯುವುದು. ಅವರ ಗ್ರಾಹಕರ ಪಾಸ್‌ವರ್ಡು, ಒಟಿಪಿ, ಖಾತೆ ಸಂಖ್ಯೆಗಳು ದಾರಿಯಲ್ಲಿ ಕೂತವನಿಗೆ ಸುಲಭವಾಗಿ ಲಭಿಸಿ, ಅವನೂ ಸಂತುಷ್ಟನಾಗಿ ಹರಸುವನು. ಅನಾಹುತವಾದರೆ ರಾತ್ರಿಯೆಲ್ಲ ಎದ್ದು ಬೆಂಕಿ ಆರಿಸಿದ್ದಕ್ಕಾಗಿ ಅದೇ ಭಕ್ತನಿಗೆ ಪ್ರಶಂಸಾಪತ್ರವೂ ಬಡ್ತಿಯೂ ಸಿಗುವುದು. ಆ ಪ್ರಶಂಸಾಪತ್ರವನ್ನು ಯಾರೂ ವೆರಿಫೈ ಮಾಡುವುದಿಲ್ಲ.

ಇನ್ನು ನಂಬದ ನಾಸ್ತಿಕರ ಗತಿ. ಅವರು ಎರರ್ ಸಂದೇಶವನ್ನು ಕೊನೆಯವರೆಗೆ ಓದುವರು. ‘ಓಪನ್‌ಎಸ್‌ಎಸ್‌ಎಲ್ ಎಸ್ ಕ್ಲೈಂಟ್’ ಎಂಬ ಆಜ್ಞೆಯಿಂದ ಸರ್ವರ್ ಎಷ್ಟು ಪತ್ರ ಕಳಿಸುತ್ತಿದೆ ಎಂದು ಎಣಿಸುವರು. ಯಾವ ಲೈಬ್ರರಿ ನಿಜವಾಗಿ ಲೋಡ್ ಆಗುತ್ತಿದೆ, ಅದು ಯಾವ ಫೋಲ್ಡರಿನ ಪಟ್ಟಿಯನ್ನು ನಂಬುತ್ತಿದೆ ಎಂದು ವಿಚಾರಿಸುವರು. ಆಚೆ ಕಂಪನಿಗೆ ಮೇಲ್ ಬರೆದು, ಉತ್ತರ ಬಾರದೆ, ಮತ್ತೆ ಬರೆದು, ಮಧ್ಯದ ಪತ್ರ ಹಾಕಿಸುವರು. ನವೀಕರಣವನ್ನು ಯಂತ್ರಕ್ಕೆ ವಹಿಸಿ, ಆ ಯಂತ್ರ ಕೆಲಸ ಮಾಡುತ್ತಿದೆಯೇ ಎಂದು ನೋಡುವ ಇನ್ನೊಂದು ಯಂತ್ರವನ್ನೂ ಇಡುವರು. ಇದರ ಫಲವಾಗಿ ಡೆಮೋ ಎರಡು ದಿನ ಮುಂದೆ ಹೋಗಿ ಮ್ಯಾನೇಜರ್ ಮುಖ ಊದಿಸಿಕೊಳ್ಳುವನು. ಆಮೇಲೆ ವರ್ಷವಿಡೀ ಏನೂ ಆಗುವುದಿಲ್ಲ. ಜಾಲ ನಿಲ್ಲುವುದಿಲ್ಲ, ದತ್ತಾಂಶ ಸೋರುವುದಿಲ್ಲ, ಮಧ್ಯರಾತ್ರಿ ಯಾರ ಫೋನೂ ಹೊಡೆದುಕೊಳ್ಳುವುದಿಲ್ಲ. ಮಾರ್ಚ್ ಕೊನೆಯ ಅಪ್ರೈಸಲ್‌ನಲ್ಲಿ ಅವರ ಹೆಸರಿನ ಮುಂದೆ ‘ಈ ವರ್ಷ ಇವರಿಂದ ಗಮನಕ್ಕೆ ಬರುವಂಥದ್ದೇನೂ ಆಗಿಲ್ಲ’ ಎಂದು ಬರೆಯಲಾಗುವುದು.

ಆ ಒಂದು ಷರಾ ಮಾತ್ರ ನೂರಕ್ಕೆ ನೂರು ಸತ್ಯ.